ಮಿಶಿಗನ್ನಿನ ಗ್ಯಾರೇಜು, ದಾವಣಗೆರೆಯ ಶೆಡ್ಡು

“ಯಾಕಪ್ಪಾ ಇಷ್ಟೆಲ್ಲಾ? ಒಬ್ಬ ಬಡಿಗೇರನ್ನ ಕರೆದ್ರೆ ಅರ್ಧ ದಿನದಾಗೆ ಮಾಡಿಕೊಟ್ಟು ಹೋಗ್ತಾನೆ.”

ಎದುರು ಮನೆಯ ಚಿಕ್ಕಮ್ಮ ಗೇಟಿನ ಹತ್ತಿರ ನಿಂತು ಕೇಳಿದರು. ದಾವಣಗೆರೆಯ ನಿಟುವಳ್ಳಿಯಲ್ಲಿರುವ ನಮ್ಮ ಮನೆಯ ಕಾರ್ ಶೆಡ್ಡಿನ ನೆಲವನ್ನು ಆಗ ನಾನು ಅಗೆಸುತ್ತಿದ್ದೆ. ಅಲ್ಲಿ ಕಾರು ನಿಲ್ಲಿಸದೆ ಎಷ್ಟೋ ವರ್ಷ ಆಗಿತ್ತು. ಹಳೇ ಮಂಚ, ಸಿಮೆಂಟಿನ ಖಾಲಿ ಚೀಲ, ಮುರಿದ ಸೈಕಲ್ಲು ತುಂಬಿದ್ದವು. ಅಮೆರಿಕದ ಮಿಶಿಗನ್‌ನಲ್ಲಿರುವ ನನಗೆ ಮೂರು ತಿಂಗಳು ಊರಲ್ಲಿರುವ ಅವಕಾಶ ಸಿಕ್ಕಿತ್ತು. ಅಷ್ಟರಲ್ಲಿ ಅದನ್ನು ಕೈಕೆಲಸದ ಕೋಣೆ ಮಾಡಬೇಕು ಅಂತ ಹೊರಟಿದ್ದೆ.

ಚಿಕ್ಕಮ್ಮನ ಮಾತಿನಲ್ಲಿ ತಪ್ಪಿಲ್ಲ. ದಾವಣಗೆರೆಯಲ್ಲಿ ಬೀದಿಯೇ ದೊಡ್ಡ ವರ್ಕ್‌ಶಾಪ್. ಬಾಗಿಲು ಕಚ್ಚಿಕೊಂಡರೆ ಬಡಿಗೇರ ಬರುತ್ತಾನೆ. ಗ್ರಿಲ್ ಮುರಿದರೆ ವೆಲ್ಡಿಂಗ್ ಅಂಗಡಿ ಇದೆ. ಮೋಟರ್ ಸುಟ್ಟರೆ ರಿವೈಂಡಿಂಗ್‌ನವನು, ಶಾಫ್ಟ್ ಸವೆದರೆ ಲೋಹ ಕಡೆಯುವ ಲೇತ್‌ನವನು. ಹತ್ತಿ ಗಿರಣಿಗಳಿಂದ ಬೆಳೆದ ಊರಿದು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನೇ ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗಿಲ್ಲ. ಆದರೆ ನಮ್ಮ ಕಡೆ ಕಬ್ಬಿಣದ ಕೆಲಸ ಗೊತ್ತಿರುವ ಕೈಗಳಿಗೆ ಇವತ್ತಿಗೂ ಬರ ಇಲ್ಲ.

ಇಷ್ಟಿದ್ದರೂ ನಮ್ಮ ಮನೆಗಳೊಳಗೆ ಕೈಕೆಲಸಕ್ಕೆ ಒಂದು ಮೂಲೆ ಇಲ್ಲ. ದೇವರ ಮನೆ ಇದೆ, ಓದುವ ಕೋಣೆ ಇದೆ. ಸ್ಕ್ರೂಡ್ರೈವರ್ ಮಾತ್ರ ಟಿವಿ ಸ್ಟ್ಯಾಂಡಿನ ಡ್ರಾದಲ್ಲಿ, ಹಳೇ ಚಾರ್ಜರ್ ಮತ್ತು ಔಷಧಿ ಚೀಟಿಗಳ ನಡುವೆ ಬಿದ್ದಿರುತ್ತದೆ. ನನ್ನಪ್ಪ ಗಿರಣಿಯಲ್ಲಿ ಫಿಟರ್ ಆಗಿದ್ದರು. ಅವರ ಹತಾರಗಳೆಲ್ಲ ಮಂಚದ ಕೆಳಗೆ ಒಂದು ಟ್ರಂಕಿನಲ್ಲಿ ಇರುತ್ತಿದ್ದವು. ಮೈಕ್ರೋಮೀಟರ್, ಫೀಲರ್ ಗೇಜ್, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ಅರಗಳು. ನಾನು ಕೈ ಹಾಕಿದರೆ, “ನೀನು ಓದು, ಇದು ನಿಂಗೆ ಬೇಡ” ಅನ್ನುತ್ತಿದ್ದರು. ಅದರಲ್ಲಿ ಪ್ರೀತಿ ಇತ್ತು, ನನಗೆ ಗೊತ್ತು. ಆದರೆ ಓದಿದವನು ಸುತ್ತಿಗೆ ಹಿಡಿಯಬಾರದು ಅನ್ನುವ ನೋವೂ ಆ ಮಾತಿನೊಳಗೆ ಇತ್ತು. ಕೈಕೆಲಸಕ್ಕೂ ಜಾತಿಗೂ ನಮ್ಮಲ್ಲಿ ಗಂಟು ಬಿದ್ದಿದೆ. ಉಳಿ ಹಿಡಿಯುವವರು ಬೇರೆ, ಪೆನ್ನು ಹಿಡಿಯುವವರು ಬೇರೆ. ಆ ಗಂಟು ನಮ್ಮ ಮನೆಯ ಮಂಚದ ಕೆಳಗೂ ಇತ್ತು.

ಮಿಶಿಗನ್‌ಗೆ ಹೋಗಿ ಹದಿನೇಳು ವರ್ಷ ಆಯಿತು. ಅಲ್ಲಿ ನನ್ನನ್ನು ಮೊದಲು ಸೆಳೆದದ್ದು ಪಕ್ಕದ ಮನೆಯ ಗ್ಯಾರೇಜು. ನಿವೃತ್ತ ಮೇಷ್ಟ್ರು ಒಬ್ಬರದು. ಎರಡು ಕಾರು ನಿಲ್ಲುವಷ್ಟು ಜಾಗ, ಹೆಚ್ಚುಕಡಿಮೆ 22 ಅಡಿ ಉದ್ದ, 22 ಅಡಿ ಅಗಲ. ಗೋಡೆ ತುಂಬ ಹತಾರ, ಒಂದೊಂದಕ್ಕೂ ಅದರದೇ ಕೊಕ್ಕೆ. ಮೇಷ್ಟ್ರು ಬಡಗಿ ಕೆಲಸ ಮಾಡುತ್ತಾರೆ ಅಂತ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅವರಿಂದಲೇ ನಾನು ಕಲಿತೆ. ನನ್ನ ಗ್ಯಾರೇಜಿನಲ್ಲೂ ಬೆಂಚು ಬಂತು, ಡ್ರಿಲ್ ಬಂತು, ಟೇಬಲ್ ಗರಗಸ ಬಂತು.

ಆದರೆ ಅಲ್ಲಿನ ಪದ್ಧತಿಯಲ್ಲಿ ನನಗೆ ಒಪ್ಪಿಗೆ ಆಗದ್ದೂ ಇದೆ. ನಮ್ಮ ಓಣಿಯಲ್ಲಿ ಎಂಟು ಮನೆ, ಎಂಟು ಏಣಿ. ಎಲ್ಲ ಗ್ಯಾರೇಜಿನಲ್ಲೂ ಒಂದೇ ಥರದ ಗರಗಸ, ವರ್ಷಕ್ಕೆ ನಾಲ್ಕು ಸಲ ಓಡಿದರೆ ಹೆಚ್ಚು. ಕೂಲಿ ತುಂಬಾ ದುಬಾರಿ, ಹಾಗಾಗಿ ಎಲ್ಲರೂ ತಾವೇ ಮಾಡಿಕೊಳ್ಳುತ್ತಾರೆ, ಅದಕ್ಕೆ ಎಲ್ಲರೂ ಎಲ್ಲವನ್ನೂ ಕೊಳ್ಳುತ್ತಾರೆ. ಚಳಿಗಾಲದಲ್ಲಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಹೋದಾಗ ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಹೀಟರ್ ಹಚ್ಚಿಕೊಂಡು ಒಬ್ಬನೇ ಕೆಲಸ ಮಾಡಬೇಕು. ಮರದ ಅಂಟು ಹತ್ತು ಡಿಗ್ರಿಗಿಂತ ಕೆಳಗೆ ಸರಿಯಾಗಿ ಹಿಡಿಯುವುದಿಲ್ಲ. ಏಳು ತಿಂಗಳ ಕಾಲ ಪಕ್ಕದ ಮನೆಯವನು ಏನು ಮಾಡುತ್ತಿದ್ದಾನೆ ಅನ್ನೋದು ಶಬ್ದದಿಂದ ಮಾತ್ರ ಗೊತ್ತಾಗುತ್ತದೆ.

ಅಲ್ಲಿ ಮನೆಯಲ್ಲಿ ಮೂಲೆ ಇದೆ, ಬಾಗಿಲು ಮುಚ್ಚಿದೆ. ಇಲ್ಲಿ ಬೀದಿ ತುಂಬ ಕೆಲಸ ಬಲ್ಲ ಜನ ಇದ್ದಾರೆ, ಮನೆಯಲ್ಲಿ ಮೂಲೆ ಇಲ್ಲ. ನನಗೆ ಬೇಕಾಗಿದ್ದದ್ದು ಆ ಮೂಲೆ, ಬೀದಿಗೆ ಬಾಗಿಲು ತೆರೆದ ಹಾಗೆ.

ನಮ್ಮ ಶೆಡ್ಡು 11 ಅಡಿ ಅಗಲ, 18 ಅಡಿ ಉದ್ದ. ಸಾಕಾಗುತ್ತದೆ. ತೊಂದರೆ ಇದ್ದದ್ದು ನೆಲದ್ದು. ನಮ್ಮ ಜಾಗ ಎರೆ ಮಣ್ಣಿನದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಳೇ ನೆಲ ಎರಡು ಕಡೆ ಎದ್ದು ನಿಂತಿತ್ತು. ಬೆಂಚು ಅಲುಗಿದರೆ ಗೆರೆ ನೇರ ಬರುವುದಿಲ್ಲ. ಅದಕ್ಕೇ ಎರಡು ಅಡಿ ಅಗೆಸಿ, ಎರೆ ತೆಗೆಸಿ, ಗರಸು ತುಂಬಿಸಿ, ನೀರು ಹೊಡೆದು ದಮ್ಮಸು ಮಾಡಿಸಿ, ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿದೆ. ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು. ಎರೆ ಮಣ್ಣಿನ ಮೇಲೆ ಮನೆ ಇರುವವರು ಯಾರಾದರೂ ಇಂಥ ಕೋಣೆ ಕಟ್ಟುವುದಾದರೆ ಹತಾರ ಕೊಳ್ಳುವ ಮೊದಲು ನೆಲ ನೋಡಿಕೊಳ್ಳಿ.

ಕರೆಂಟಿನ ವಿಷಯದಲ್ಲಿ ನಮ್ಮೂರೇ ಮುಂದೆ. ಅಮೆರಿಕದ ಮನೆಗಳ ಸಾಮಾನ್ಯ ಪ್ಲಗ್ಗಿನಲ್ಲಿ ಬರುವುದು 120 ವೋಲ್ಟ್. ಗ್ಯಾರೇಜಿನಲ್ಲಿ 20 ಆಂಪಿಯರ್ ಲೈನ್ ಇದ್ದರೂ 2400 ವಾಟ್‌ಗೆ ಮುಗಿಯಿತು. ದೊಡ್ಡ ಮಷಿನ್ ಬೇಕು ಅಂದರೆ 240 ವೋಲ್ಟಿನ ಬೇರೆ ಲೈನ್ ಎಳೆಸಬೇಕು. ನಮ್ಮ 230 ವೋಲ್ಟಿನಲ್ಲಿ ಒಂದು 16 ಆಂಪಿಯರ್ ಸಾಕೆಟ್ಟೇ 3600 ವಾಟ್‌ನಷ್ಟು ಕೊಡುತ್ತದೆ. ಗೀಸರ್‌ಗೆ ಹಾಕುವ ಅದೇ ಸಾಕೆಟ್. ಆದರೆ ಅಲ್ಲಿ ಗ್ಯಾರೇಜಿನ ಪ್ಲಗ್ಗಿಗೆ ಶಾಕ್ ತಡೆಯುವ ಸಾಧನ ಕಡ್ಡಾಯ. ಇಲ್ಲಿ ಹಳೇ ಮನೆಗೆ ಅದನ್ನು ನಾವೇ ನೆನಪಿಟ್ಟು ಹಾಕಿಸಬೇಕು. ಶೆಡ್ಡಿಗೆ ಬೇರೆ ಲೈನ್, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕೋದು ಈಗ ಅಮ್ಮನ ಕೆಲಸ.

ಇಲ್ಲೊಂದು ತಪ್ಪು ಮಾಡಿದೆ, ಹೇಳಲೇಬೇಕು. ಅಲ್ಲಿಂದ ಒಂದು ಬೆಂಚ್ ಗ್ರೈಂಡರ್ ಹೊತ್ತು ತಂದಿದ್ದೆ. ಟ್ರಾನ್ಸ್‌ಫಾರ್ಮರ್ ಹಾಕಿ 120 ವೋಲ್ಟ್ ಕೊಟ್ಟರೆ ಓಡುತ್ತದೆ ಅಂದುಕೊಂಡೆ. ಓಡಿತು, ಆದರೆ ನಿಧಾನವಾಗಿ. ಅರ್ಧ ಗಂಟೆಯಲ್ಲಿ ಮೈ ಮುಟ್ಟಲಾಗದಷ್ಟು ಬಿಸಿ. ಅಲ್ಲಿ ಕರೆಂಟು ಸೆಕೆಂಡಿಗೆ 60 ಸಲ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ, ಇಲ್ಲಿ 50 ಸಲ. ಇಂಡಕ್ಷನ್ ಮೋಟರಿನ ವೇಗ ಅದರ ಮೇಲೇ ನಿಂತಿದೆ. ಅಲ್ಲಿ ನಿಮಿಷಕ್ಕೆ 1725 ಸುತ್ತು ಬರುವ ಜಾತಿಯ ಮೋಟರ್ ಇಲ್ಲಿ 1440 ಸುತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಈ ಲೆಕ್ಕ ಬದಲಿಸುವುದಿಲ್ಲ. ರಿವೈಂಡಿಂಗ್ ಅಂಗಡಿಯ ಹುಡುಗ ಮೋಟರಿನ ಮೇಲಿನ ಪಟ್ಟಿ ಓದಿದ ತಕ್ಷಣ, “ಸಾರ್, ಇದು ಅರವತ್ತರದ್ದು” ಅಂದ. ನನ್ನ ಹತ್ತಿರ ಇಂಜಿನಿಯರಿಂಗ್ ಪದವಿ ಇದೆ. ಅವನ ಹತ್ತಿರ ದಿನಾ ಮೋಟರ್ ಬಿಚ್ಚುವ ಕಣ್ಣಿದೆ. ಊರಿಗೆ ತರುವುದೇ ಆದರೆ ಬ್ಯಾಟರಿ ಡ್ರಿಲ್ ತನ್ನಿ, ಚಾರ್ಜರ್ ಮಾತ್ರ ಇಲ್ಲಿಯದು ಕೊಳ್ಳಿ. ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಗೆ ಹಾಕುವ ಸೂಟ್‌ಕೇಸಿನಲ್ಲಿ ಬಿಡುವುದಿಲ್ಲ.

ಇನ್ನು ಬೆಂಚು. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು.

ಹಳೇ ಮನೆ ಕೆಡವಿದ ಮರ ಮಾರುವ ಕಡೆ ಸಾಗುವಾನಿಯ ಎರಡು ತೊಲೆ ಸಿಕ್ಕವು. ಹೊಗೆ ಹಿಡಿದು ಕಪ್ಪಾಗಿದ್ದವು. ಯಾರದೋ ಅಡುಗೆಮನೆಯ ಮೇಲಿದ್ದ ತೊಲೆಗಳೇ ಇರಬೇಕು. ಕೊಯ್ಯಿಸಿ ಹಲಗೆ ಮಾಡಿಸಲು ನಾನು ಅವಸರ ಮಾಡಿದೆ. ನನಗೆ ಸಹಾಯಕ್ಕೆ ಬಂದಿದ್ದ ಬಡಿಗೇರ ಅಜ್ಜ ಬಿಡಲಿಲ್ಲ. ಕೆಟ್ಟ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತವನ್ನು ಚೀಲದಿಂದ ತೆಗೆದು, ದಾರ ಕಟ್ಟಿ, ತೊಲೆಯ ಮೇಲೆ ತೂಗುಬಿಟ್ಟು ನಿಧಾನವಾಗಿ ಸರಿಸುತ್ತಾ ಹೋದರು. ಒಂದು ಕಡೆ ಅದು ತಟ್ಟನೆ ಓರೆಯಾಯಿತು. ಅಲ್ಲಿ ಬಳಪದಲ್ಲಿ ಗುಂಡು ಗುರುತು. ಹೀಗೆ ಎರಡು ತೊಲೆಯಲ್ಲಿ ಹದಿನಾಲ್ಕು ಮೊಳೆ. ಹೊರಗೆ ಒಂದರ ತಲೆಯೂ ಕಾಣುತ್ತಿರಲಿಲ್ಲ. “ಇಂಥದ್ದೊಂದು ಮೊಳೆ ಬಂದ್ರೆ ಸಾಮಿಲ್ಲಿನ ಬ್ಲೇಡು ಹೋಗ್ತತಿ, ಇಲ್ಲಾ ಮನುಷ್ಯ ಹೋಗ್ತಾನೆ ತಮ್ಮಾ” ಅಂದರು.

ಬೆಂಚಿನ ಎತ್ತರಕ್ಕೆ ನಮ್ಮಿಬ್ಬರಿಗೂ ವಾದ ಆಯಿತು. ನಾನು ನಿಂತು ಕೆಲಸ ಮಾಡಲು 33 ಇಂಚು ಬೇಕು ಅಂದೆ. ಕೈ ಇಳಿಬಿಟ್ಟರೆ ಮಣಿಕಟ್ಟಿನ ಹತ್ತಿರ ಬರುವ ಎತ್ತರ ಅದು. ಅಜ್ಜ ಜೀವಮಾನವೆಲ್ಲ ನೆಲದಲ್ಲಿ ಕೂತೇ ಕೆಲಸ ಮಾಡಿದವರು. ಅವರು ಕೂರುವುದನ್ನು ನೀವು ನೋಡಬೇಕು. ಎಡಗಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಪಟ್ಟಿ ಸಿಕ್ಕಿಸಿ, ಬಲಗಾಲಿನ ಹಿಮ್ಮಡಿಯಿಂದ ಒತ್ತಿ ಹಿಡಿದು, ಮರ ನಯ ಮಾಡುವ ತೋಪಡ ಎಳೆದರೆ ಸಿಪ್ಪೆ ಒಂದೇ ಉದ್ದಕ್ಕೆ ಸುರುಳಿ ಸುತ್ತಿಕೊಂಡು ಏಳುತ್ತಿತ್ತು. ತುಂಡನ್ನು ಬಿಗಿದು ಹಿಡಿಯುವ ನನ್ನ ಐದು ಇಂಚಿನ ವೈಸು ಮಾಡುವ ಕೆಲಸವನ್ನು ಅವರ ಪಾದ ಮಾಡುತ್ತಿತ್ತು. ಒಂದು ನೂಲಿನಷ್ಟೂ ಅಲುಗಾಟ ಇಲ್ಲ. ಆದರೆ ಎದ್ದು ನಿಲ್ಲುವಾಗ ಗೋಡೆ ಹಿಡಿಯುತ್ತಿದ್ದರು, ಮಂಡಿಯಲ್ಲಿ ಕಟಕ್ ಅನ್ನುವ ಸದ್ದು ನನಗೂ ಕೇಳಿಸುತ್ತಿತ್ತು.

ಕೊನೆಗೆ ಎರಡೂ ಮಾಡಿದೆವು. ಎತ್ತರದ ಬೆಂಚು ಒಂದು, ಒಂಬತ್ತು ಇಂಚು ಎತ್ತರದ ಅಗಲ ಮಣೆ ಒಂದು. ಉಳಿ ಕೆಲಸ, ವೈಸಿನ ಕೆಲಸ ಬೆಂಚಿನ ಮೇಲೆ. ಎಂಟು ಅಡಿ ಉದ್ದದ ಹಲಗೆ, ಚೌಕಟ್ಟು ಜೋಡಿಸೋದು ಮಣೆಯ ಮೇಲೆ. ಅಜ್ಜ ಎರಡನೇ ವಾರದಿಂದ ಬೆಂಚಿಗೆ ಬಂದರು, ತಾವಾಗಿಯೇ. ಮಿಶಿಗನ್‌ಗೆ ಮರಳಿದ ಮೇಲೆ ನನ್ನ ಗ್ಯಾರೇಜಿನಲ್ಲೂ ಅಂಥದ್ದೇ ಒಂದು ಮಣೆ ಮಾಡಿಟ್ಟಿದ್ದೇನೆ. ದೊಡ್ಡ ಚೌಕಟ್ಟಿಗೆ ಅದರಷ್ಟು ಸುಖ ಬೇರೆ ಇಲ್ಲ.

ಹತಾರ ಕಡಿಮೆಯೇ ಇಟ್ಟೆ. ವೈಸು, ಆರು ಕ್ಲಾಂಪು, ತೋಪಡ, ಮೂರು ಉಳಿ, ಎರಡು ಕೈಗರಗಸ, ಮೂಲೆಮಟ್ಟ, ಸಾಣೆಕಲ್ಲು, ಡ್ರಿಲ್ಲು. ಮಂಡಿಪೇಟೆ ಕಡೆ ಒಂದು ಮಧ್ಯಾಹ್ನ ತಿರುಗಿದರೆ ಎಲ್ಲ ಸಿಗುತ್ತದೆ. ಜೊತೆಗೆ ಅಪ್ಪನ ಟ್ರಂಕು, ಈಗ ಬೆಂಚಿನ ಪಕ್ಕ, ಮುಚ್ಚಳ ತೆಗೆದು. ಟೇಬಲ್ ಗರಗಸ ತರಲಿಲ್ಲ. ದೊಡ್ಡ ಪ್ಲೈ ಹಾಳೆಯನ್ನು ಅಂಗಡಿಯಲ್ಲೇ ಅಳತೆ ಹೇಳಿ ಕೊಯ್ಯಿಸಿಕೊಂಡು ಬಂದರಾಯಿತು. ಅದನ್ನೇ ದಿನಾ ಮಾಡುವವರು ಊರಲ್ಲಿರುವಾಗ ನಾನೊಂದು ಮಷಿನ್ ತಂದು ಧೂಳು ಹಿಡಿಸುವುದು ಯಾಕೆ?

ಗರಗಸ ಅಂದ ಮೇಲೆ ಇದನ್ನೂ ಹೇಳಬೇಕು. ನಮ್ಮಲ್ಲಿ ಎಷ್ಟೋ ಕಡೆ ಕೈಲಿ ಹಿಡಿಯುವ ಕಟಿಂಗ್ ಮಷಿನ್ನನ್ನು ತಲೆಕೆಳಗು ಮಾಡಿ, ಪ್ಲೈ ತುಂಡಿನ ಕೆಳಗೆ ಬಿಗಿದು, ಮೇಲೆ ಬ್ಲೇಡು ಬರುವ ಹಾಗೆ ಮಾಡಿಕೊಳ್ಳುತ್ತಾರೆ. ಕಾಪಿನ ಮುಚ್ಚಳ ಇಲ್ಲ, ಪಟ್ಟಿ ತಳ್ಳಲು ಕೋಲಿಲ್ಲ, ಕಣ್ಣಿಗೆ ಕನ್ನಡಕ ಇಲ್ಲ. ಅಜ್ಜನ ಮಗನಿಗೆ ಎಡಗೈ ತೋರುಬೆರಳಿನ ತುದಿ ಇಲ್ಲ, ಇಂಥದ್ದೇ ಮಷಿನ್ನಿನಲ್ಲಿ ಹೋದದ್ದು. ಇಷ್ಟು ಬಲ್ಲ ಕೈಗಳು ಇಷ್ಟು ಸುಲಭಕ್ಕೆ ಹಾಳಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಮೆರಿಕದಿಂದ ನಾನು ಮನಸ್ಸಿಟ್ಟು ತಂದದ್ದು ಒಂದೇ ಅಭ್ಯಾಸ. ಒಳಗೆ ಬರುವ ಕಡೆಯೇ ಎದೆಮಟ್ಟಕ್ಕೆ ನಾಲ್ಕು ಕೊಕ್ಕೆ, ಅದರಲ್ಲಿ ನಾಲ್ಕು ಕನ್ನಡಕ. ಪಕ್ಕದಲ್ಲಿ ಮಾಸ್ಕು. ಯಾರೇ ಬಂದರೂ ಮೊದಲು ಕನ್ನಡಕ, ಆಮೇಲೆ ಸ್ವಿಚ್ಚು. ಟ್ಯೂಬ್‌ಲೈಟನ್ನೂ ಎಲ್ಇಡಿ ಮಾಡಿಸಿದೆ. ಹಳೇ ಟ್ಯೂಬಿನ ಮಿಣುಕಿಗೆ ತಿರುಗುವ ಬ್ಲೇಡು ಕೆಲವೊಮ್ಮೆ ನಿಂತ ಹಾಗೆ ಕಾಣುತ್ತದೆ.

ಶೆಡ್ಡಿಗೆ ಇದ್ದದ್ದು ರೋಲಿಂಗ್ ಶಟರ್. ತೆಗೆದು ಬಾಗಿಲು ಇಡಿಸೋಣ ಅಂತ ಮೇಸ್ತ್ರಿ ಹೇಳಿದ. ನಾನು ಬೇಡ ಅಂದೆ. ಶಟರ್ ಎತ್ತಿದರೆ ಇಡೀ ಶೆಡ್ಡು ಬೀದಿಗೆ ಕಾಣುತ್ತದೆ. ಮೊದಲ ವಾರ ಜನ ನಿಂತು ನೋಡಿ ಹೋದರು. ಎರಡನೇ ವಾರ ಒಬ್ಬರು ಕುಕ್ಕರಿನ ಹಿಡಿ ತಂದರು. ಆಮೇಲೆ ಸ್ಟೂಲಿನ ಕಾಲು, ಅಟ್ಟದ ಏಣಿ, ಹೊಲಿಗೆ ಮಷಿನ್ನಿನ ಪೆಡಲು. ನಾನು ಮಾಡಿಕೊಡಲಿಲ್ಲ. ವೈಸು ತೋರಿಸಿದೆ, ಜೊತೆಗೆ ನಿಂತೆ. ಬಡಿಗೇರನನ್ನು ಕರೆಯಿರಿ ಅಂದಿದ್ದ ಚಿಕ್ಕಮ್ಮ ಒಂದು ದಿನ ತಾವೇ ಬಂದು, ತುರಿಯುವ ಮಣೆಗೆ ಹೊಸ ಹಲಗೆ ಕೂರಿಸಿಕೊಂಡರು. ಸ್ಕ್ರೂ ಬಿಗಿಯುವಾಗ ತುಟಿ ಕಚ್ಚಿ ಹಿಡಿದಿದ್ದರು.

ಇದರಿಂದ ಬಡಿಗೇರರ ಹೊಟ್ಟೆ ಮೇಲೆ ಹೊಡೆದ ಹಾಗೆ ಆಗಲ್ವಾ ಅಂತ ಒಬ್ಬ ಗೆಳೆಯ ಕೇಳಿದ. ನಾನು ಕಂಡದ್ದು ಬೇರೆ. ತಾನೇ ಒಂದು ಕೀಲು ಕೂರಿಸಲು ಒದ್ದಾಡಿದವನು ಬಡಗಿಯ ಹತ್ತಿರ ನೂರು ರೂಪಾಯಿಗೆ ಚೌಕಾಸಿ ಮಾಡುವುದಿಲ್ಲ. ನಾನೇ ಅಜ್ಜನಿಗೆ ದಿನಗೂಲಿ ಮಾತಾಡಿದ್ದಕ್ಕಿಂತ ಜಾಸ್ತಿ ಕೊಟ್ಟೆ. ಕಾಲ್ಬೆರಳಿನಲ್ಲಿ ಪಟ್ಟಿ ಹಿಡಿಯಲು ನಾಲ್ಕು ದಿನ ಪ್ರಯತ್ನಪಟ್ಟು ಆಗದೆ ಹೋದ ಮೇಲೆ, ಅವರ ಕೆಲಸದ ಬೆಲೆ ನನಗೆ ಗೊತ್ತಾಗಿತ್ತು.

ಈಗ ಶಟರಿನ ಬೀಗದ ಕೈ ಅಮ್ಮನ ಹತ್ತಿರ ಇದೆ. ಭಾನುವಾರ ಬೆಳಿಗ್ಗೆ ತೆಗೆಯುತ್ತಾರೆ. ಅಜ್ಜ ಬಂದು ಕೂರುತ್ತಾರೆ, ಓಣಿಯ ಮಕ್ಕಳು ಬರುತ್ತಾರೆ. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿ ಗುಬ್ಬಿಗೂಡು ಮಾಡುತ್ತಿದ್ದಾಳಂತೆ. ಮೊನ್ನೆ ವಿಡಿಯೋ ಕಾಲಿನಲ್ಲಿ ತೋರಿಸಿದಳು. ಒಂದು ಕಡೆ ಹಲಗೆ ಎರಡು ನೂಲು, ಅಂದರೆ ಕಾಲು ಇಂಚು, ಹೊರಗೆ ಬಂದಿದೆ, ಅದನ್ನು ಅರದಿಂದ ಉಜ್ಜುತ್ತಿದ್ದಳು, ಅಪ್ಪನ ಅರದಿಂದ. ಕನ್ನಡಕ ಹಾಕಿದ್ದಳು, ಆದರೆ ದೊಡ್ಡದು. ಜಾರಿ ಜಾರಿ ಮೂಗಿನ ತುದಿಗೆ ಬರುತ್ತಿತ್ತು, ಪ್ರತಿ ಸಲ ಮೊಣಕೈಯಿಂದ ಮೇಲೆ ತಳ್ಳುತ್ತಿದ್ದಳು. ಡಿಸೆಂಬರಿಗೆ ಊರಿಗೆ ಹೋಗುವಾಗ ಒಯ್ಯಲು ಮಕ್ಕಳ ಅಳತೆಯ ಆರು ಕನ್ನಡಕ ತಂದಿಟ್ಟಿದ್ದೇನೆ.