ಮಗಳ ಇನ್ಸುಲಿನ್‌ಗೆ ಅನುಮತಿ ಕೊಡಲು ಇವರು ಯಾರು?

ಜನವರಿ ಎರಡನೆಯ ವಾರದ ಒಂದು ಸಂಜೆ ಡೆಟ್ರಾಯಿಟ್ ಪಕ್ಕದ ನಮ್ಮ ಊರಿನ ಔಷಧಿ ಅಂಗಡಿಯಲ್ಲಿ, ನನ್ನ ಹಿಂದೆ ಆರೇಳು ಜನ ಸಾಲಿನಲ್ಲಿ ನಿಂತಿರುವಾಗ, ಕೌಂಟರಿನ ಹುಡುಗಿ ಧ್ವನಿ ತಗ್ಗಿಸಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ನಿಮ್ಮ ಇನ್ಶೂರೆನ್ಸ್ ಈ ಇನ್ಸುಲಿನ್ ಅನ್ನು ಒಪ್ಪುತ್ತಿಲ್ಲ, ಪ್ರಯರ್ ಆಥರೈಸೇಷನ್, ಅಂದರೆ ಮೊದಲೇ ಪಡೆದ ಅನುಮತಿ ಬೇಕಂತೆ, ಇಲ್ಲವಾದರೆ ಪೂರ್ತಿ ಬೆಲೆ ಕೊಟ್ಟು ಒಯ್ಯಬೇಕು ಎಂದಳು. ಪೂರ್ತಿ ಬೆಲೆ ಎಂದರೆ ಒಂದು ಡಬ್ಬಿಗೆ 400 ಡಾಲರಿಗೂ ಮೇಲೆ. ತಯಾರಕರ ರಿಯಾಯಿತಿ ಕಾರ್ಡನ್ನು ಅವಳೇ ಎರಡು ಸಲ ಹಾಕಿ ನೋಡಿದಳು, ಎರಡು ಸಲವೂ ನಡೆಯಲಿಲ್ಲ. ಅವಳ ಮುಖದಲ್ಲಿ ನಿಜವಾದ ಸಂಕಟವಿತ್ತು, ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ನನ್ನ ಮಗಳಿಗೆ ಹದಿನಾಲ್ಕು ವರ್ಷ. ಐದು ವರ್ಷದಿಂದ ಅವಳಿಗೆ ಟೈಪ್ 1 ಮಧುಮೇಹವಿದೆ. ಇದು ಸಿಹಿ ತಿಂದು ಬಂದ ಕಾಯಿಲೆಯಲ್ಲ, ಪಥ್ಯ ಮಾಡಿದರೆ ಹೋಗುವ ಕಾಯಿಲೆಯೂ ಅಲ್ಲ. ಅವಳ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದೆ, ಆದ್ದರಿಂದ ಪ್ರತಿದಿನ ಹೊರಗಿನಿಂದ ಕೊಡಲೇಬೇಕು. ಒಂದೆರಡು ದಿನ ಪೂರ್ತಿ ತಪ್ಪಿದರೂ ರಕ್ತ ಆಮ್ಲೀಯವಾಗಿ, ವಾಂತಿ ಶುರುವಾಗಿ, ಮಗು ಪ್ರಜ್ಞೆ ತಪ್ಪುವ ಹಂತಕ್ಕೆ ಹೋಗಬಹುದು. ಐದು ವರ್ಷದ ಹಿಂದೆ ಕಾಯಿಲೆ ಗೊತ್ತಾದ ದಿನ ಅವಳು ಆಸ್ಪತ್ರೆಗೆ ಬಂದದ್ದು ಅದೇ ಸ್ಥಿತಿಯಲ್ಲಿ. ಆ ಉಸಿರಿನ ವಾಸನೆಯನ್ನು ನಾನು ಮರೆತಿಲ್ಲ.

ಆ ರಾತ್ರಿ ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪಿನಕಾಯಿ ಬಾಟಲಿಯ ಪಕ್ಕದ ಡಬ್ಬಿಯಲ್ಲಿ ಉಳಿದಿದ್ದ ಇನ್ಸುಲಿನ್ ಪೆನ್ನುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದೆ. ಒಂದು ಪೂರ್ತಿ ತುಂಬಿತ್ತು, ಇನ್ನೊಂದರಲ್ಲಿ ಅರ್ಧಕ್ಕಿಂತ ಕಡಿಮೆ ಇತ್ತು. ದಿನಕ್ಕೆ ಇಷ್ಟು ಯೂನಿಟ್ ಎಂದು ಲೆಕ್ಕ ಹಾಕಿದರೆ ಹದಿನೆಂಟು ದಿನಕ್ಕೆ ಸಾಕಾಗುತ್ತಿತ್ತು. ನಾನು ಲೆಕ್ಕ ಹಾಕುತ್ತಿರುವುದನ್ನು ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ರಾತ್ರಿ ಊಟದಲ್ಲಿ ಅನ್ನ ಬೇಡ, ಪಲ್ಯ ಮಾತ್ರ ಸಾಕು ಎಂದಳು. ಊಟದ ಇನ್ಸುಲಿನ್ ಬೇರೆ, ಅದಕ್ಕೆ ಕೊರತೆಯಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಬೆಳೆಯುವ ಮಗು ತಾಯಿಯ ಮುಖ ನೋಡಿ ತನ್ನ ಊಟ ಕಡಿಮೆ ಮಾಡಿಕೊಂಡಿತಲ್ಲ, ಅದಕ್ಕೆ ಹೊಣೆ ಯಾರು?

ನಡೆದದ್ದು ಇಷ್ಟೇ. ನಮ್ಮ ವಿಮೆಯ ಪರವಾಗಿ ಔಷಧಿಗಳ ಪಟ್ಟಿ ನಿರ್ಧರಿಸುವ ಮಧ್ಯವರ್ತಿ ಕಂಪನಿ ಹೊಸ ವರ್ಷಕ್ಕೆ ಪಟ್ಟಿ ಬದಲಿಸಿ, ಮಗಳು ಮೂರು ವರ್ಷದಿಂದ ತೆಗೆದುಕೊಳ್ಳುತ್ತಿದ್ದ ದೀರ್ಘಾವಧಿಯ ಇನ್ಸುಲಿನ್ ಅನ್ನು ಕೈಬಿಟ್ಟು ಬೇರೆಯದನ್ನು ಸೇರಿಸಿದೆ. ಅವಳ ವೈದ್ಯರು ಈ ಇನ್ಸುಲಿನ್ ಅನ್ನು ಆರಿಸಿದ್ದು ಹಿಂದಿನದರಲ್ಲಿ ಅವಳ ಸಕ್ಕರೆ ನಡುರಾತ್ರಿ ಅಪಾಯಕಾರಿಯಾಗಿ ಇಳಿಯುತ್ತಿದ್ದುದರಿಂದ. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಿನ ಮಗುವಿನ ಬಾಯಿಗೆ ಹಣ್ಣಿನ ರಸ ಹಿಡಿದ ಎಷ್ಟೋ ರಾತ್ರಿಗಳ ದಾಖಲೆ ಆ ವೈದ್ಯರ ಬಳಿ ಇದೆ. ಇಷ್ಟೆಲ್ಲ ಇದ್ದರೂ, ಅವಳನ್ನು ಒಮ್ಮೆಯೂ ಕಣ್ಣಾರೆ ನೋಡದ, ಹೆಸರು ಕೂಡ ಹೇಳದ ಯಾರೋ ಒಬ್ಬರು ಎಲ್ಲೋ ಕುಳಿತು, ಮೊದಲು ನಮ್ಮ ಪಟ್ಟಿಯಲ್ಲಿರುವುದನ್ನು ಕೊಟ್ಟು ನೋಡಿ, ಅದು ವಿಫಲವಾದರೆ ಮತ್ತೆ ಅರ್ಜಿ ಹಾಕಿ ಎನ್ನುತ್ತಾರೆ. ವಿಫಲವಾಗುವುದು ಎಂದರೆ ನನ್ನ ಮಗಳು ಮತ್ತೊಮ್ಮೆ ನಡುರಾತ್ರಿ ಎಚ್ಚರ ತಪ್ಪುವುದು. ಅದನ್ನೇ ಸಾಕ್ಷಿಯಾಗಿ ತನ್ನಿ ಎಂದು ಒಂದು ಮಗುವಿನ ತಾಯಿಗೆ ಹೇಳಲು ಇವರಿಗೆ ಬಾಯಿ ಹೇಗೆ ಬರುತ್ತದೆ?

ಹಾಸನದಲ್ಲಿರುವ ನನ್ನ ಅಮ್ಮ ಫೋನಿನಲ್ಲಿ ಇದನ್ನೆಲ್ಲ ಕೇಳಿ, "ಅಲ್ಲ ಕಣಮ್ಮ, ಡಾಕ್ಟ್ರು ಬರ್ದು ಕೊಟ್ಟ ಮೇಲೆ ಇನ್ಯಾರ್ನ ಕೇಳ್ಬೇಕು?" ಎಂದರು. ಅವರೂ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯವರು. ಭಾರತದಲ್ಲಿ ಆಸ್ಪತ್ರೆಯ ಖರ್ಚಿಗೆ ಮನೆ ಮಾರಿದವರಿದ್ದಾರೆ, ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇನ್ಸುಲಿನ್ ಅಲ್ಲಿ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಅದಕ್ಕೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ, ಅಮ್ಮ ಚೀಟಿ ತೋರಿಸಿ ಔಷಧಿ ಪಡೆದು ಮನೆಗೆ ಬರುತ್ತಾರೆ. ಅವರ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಇನ್ಸುಲಿನ್ ಹುಟ್ಟಿದ ಕಥೆ ಗೊತ್ತಿರುವವರಿಗೆ ಈ ಸಂಕಟ ಇನ್ನೂ ಹೆಚ್ಚು. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅದನ್ನು ಕಂಡುಹಿಡಿದರು, ಜೇಮ್ಸ್ ಕಾಲಿಪ್ ಶುದ್ಧೀಕರಿಸಿದರು. 1922ರ ಜನವರಿಯಲ್ಲಿ ಮೊದಲ ಬಾರಿಗೆ ಅದನ್ನು ಪಡೆದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೂ ನನ್ನ ಮಗಳಷ್ಟೇ, ಹದಿನಾಲ್ಕು ವರ್ಷ. ಆಗ ಅವನ ತೂಕ 30 ಕಿಲೋ ಕೂಡ ಇರಲಿಲ್ಲ. ಸಾವಿನಂಚಿನಿಂದ ಎದ್ದು ಬಂದ ಆ ಹುಡುಗ ಮತ್ತೆ 13 ವರ್ಷ ಬದುಕಿದ. ಆ ಸಂಶೋಧಕರು ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಬ್ಯಾಂಟಿಂಗ್‌ಗೆ ಆ ಯೋಚನೆ ಹೊಳೆದ ಮನೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್ ನಗರದಲ್ಲಿದೆ, ನಮ್ಮಿಂದ ಎರಡು ಗಂಟೆ ಚಿಲ್ಲರೆಯ ದಾರಿ. ಮಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಮಧುಮೇಹಕ್ಕೆ ಪೂರ್ಣ ಪರಿಹಾರ ಸಿಗುವವರೆಗೆ ಆರಿಸುವುದಿಲ್ಲ ಎಂದು 1989ರಲ್ಲಿ ಹಚ್ಚಿದ ಜ್ಯೋತಿ ಆ ಮನೆಯ ಹೊರಗೆ ಉರಿಯುತ್ತಿದೆ. ಅವಳು ಅದರ ಮುಂದೆ ತುಂಬ ಹೊತ್ತು ನಿಂತಿದ್ದಳು.

ಒಂದೊಂದು ಡಾಲರಿಗೆ ಬಿಟ್ಟುಕೊಟ್ಟ ಆ ಔಷಧಿ ಅಮೆರಿಕದಲ್ಲಿ ಏನಾಯಿತು ನೋಡಿ. 1996ರಲ್ಲಿ ಸುಮಾರು 21 ಡಾಲರಿಗೆ ಮಾರುಕಟ್ಟೆಗೆ ಬಂದ ಹ್ಯೂಮಲಾಗ್ ಎಂಬ ಇನ್ಸುಲಿನ್‌ನ ಒಂದು ಸೀಸೆ, ಇಪ್ಪತ್ತೊಂದು ವರ್ಷದಲ್ಲಿ ಸುಮಾರು 275 ಡಾಲರ್ ಆಯಿತು. ಸೀಸೆಯೂ ಅದೇ, ಔಷಧಿಯೂ ಅದೇ. ಮೂರು ಕಂಪನಿಗಳು ಜಗತ್ತಿನ ಇನ್ಸುಲಿನ್ ವ್ಯಾಪಾರದ ಬಹುಪಾಲನ್ನು ಹಿಡಿದಿವೆ, ಇನ್ನೂ ಮೂರು ಮಧ್ಯವರ್ತಿ ಕಂಪನಿಗಳು ಈ ದೇಶದ ಔಷಧಿ ಚೀಟಿಗಳಲ್ಲಿ ಸುಮಾರು ಶೇ 80ರಷ್ಟನ್ನು ನಿಭಾಯಿಸುತ್ತವೆ. ಪಟ್ಟಿಯಲ್ಲಿ ಜಾಗ ಬೇಕೆಂದರೆ ತಯಾರಕ ಕಂಪನಿ ಮಧ್ಯವರ್ತಿಗೆ ರಿಬೇಟ್, ಅಂದರೆ ಬೆಲೆಯಲ್ಲಿ ಒಂದು ಪಾಲನ್ನು ಹಿಂದಕ್ಕೆ ಕೊಡಬೇಕು. ನಮೂದಿಸಿದ ಬೆಲೆ ಹೆಚ್ಚಾದಷ್ಟೂ ರಿಬೇಟ್ ದೊಡ್ಡದಾಗುತ್ತದೆ, ಆದರೆ ಡಿಡಕ್ಟಬಲ್, ಅಂದರೆ ವಿಮೆ ಹಣ ಕೊಡಲು ಶುರುಮಾಡುವ ಮೊದಲು ರೋಗಿಯೇ ಭರಿಸಬೇಕಾದ ಮೊತ್ತ ಮುಗಿಯುವವರೆಗೆ ರೋಗಿ ಕಟ್ಟುವುದು ಬಹುಮಟ್ಟಿಗೆ ಆ ಉಬ್ಬಿಸಿದ ಬೆಲೆಯನ್ನೇ. ಇದೇ ಕಾರಣಕ್ಕೆ 2024ರ ಸೆಪ್ಟೆಂಬರಿನಲ್ಲಿ ವ್ಯಾಪಾರದಲ್ಲಿ ಅನ್ಯಾಯ ತಡೆಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆ ಮೂರು ಮಧ್ಯವರ್ತಿಗಳ ಮೇಲೆ ಇನ್ಸುಲಿನ್ ವಿಷಯದಲ್ಲೇ ದಾವೆ ಹೂಡಿತು.

ನಮ್ಮ ಮನೆಯಿಂದ ಅರ್ಧ ಗಂಟೆ ಕಾರು ಓಡಿಸಿದರೆ ಡೆಟ್ರಾಯಿಟ್ ನದಿ. ಸೇತುವೆ ದಾಟಿದರೆ ಕೆನಡಾದ ವಿಂಡ್ಸರ್. 2019ರ ಜುಲೈನಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ಮಧುಮೇಹಿಗಳ ತಂಡವೊಂದನ್ನು ಬಸ್ಸಿನಲ್ಲಿ ಡೆಟ್ರಾಯಿಟ್‌ನಿಂದ ವಿಂಡ್ಸರ್‌ಗೆ ಕರೆದೊಯ್ದು, ಅದೇ ಔಷಧಿ ಅಲ್ಲಿ ಸುಮಾರು ಹತ್ತರಲ್ಲಿ ಒಂದು ಭಾಗದ ಬೆಲೆಗೆ ಸಿಗುವುದನ್ನು ತೋರಿಸಿದ್ದರು. ಕೆನಡಾದಲ್ಲೂ ಔಷಧಿ ಎಲ್ಲರಿಗೂ ಪುಕ್ಕಟೆಯಲ್ಲ, ಮಧುಮೇಹದ ಔಷಧಿಗಳನ್ನು ಸರ್ಕಾರವೇ ಭರಿಸಲು ದಾರಿ ಮಾಡುವ ಕಾಯ್ದೆ ಬಂದದ್ದೇ 2024ರಲ್ಲಿ. ಆದರೂ ಪೇಟೆಂಟ್ ಇರುವ ಔಷಧಿಗಳ ಬೆಲೆಯ ಮೇಲೆ ಕಣ್ಣಿಡಲು ಅಲ್ಲಿ 1987ರಿಂದ ಒಂದು ಮಂಡಳಿಯಿದೆ. ಇಲ್ಲಿನ ರಾಜಕಾರಣಿಗಳು ಬೆಲೆ ಮಿತಿ ಎಂದ ಕೂಡಲೇ ಸೋಶಿಯಲಿಸಂ ಎಂದು ಕೂಗುತ್ತಾರೆ.

2022ರ ಆಗಸ್ಟ್ 7ನ್ನು ನಾನು ಮರೆಯಲಾರೆ. ಇನ್‌ಫ್ಲೇಷನ್ ರಿಡಕ್ಷನ್ ಕಾಯ್ದೆಯ ಚರ್ಚೆಯನ್ನು ಅಂದು ಟಿವಿಯಲ್ಲಿ ನೋಡುತ್ತಾ ಕುಳಿತಿದ್ದೆ. ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇರುವ ಹಿರಿಯರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದು ಎಂಬ ಮಿತಿ ಉಳಿಯಿತು. ಅದೇ ಮಿತಿಯನ್ನು ಖಾಸಗಿ ವಿಮೆ ಇರುವವರಿಗೂ, ಅಂದರೆ ನನ್ನ ಮಗಳಂಥವರಿಗೂ ಕೊಡುವ ಪ್ರಸ್ತಾವಕ್ಕೆ 57 ಸೆನೆಟರುಗಳು ಬೇಕು ಎಂದರು, 43 ಮಂದಿ ರಿಪಬ್ಲಿಕನ್ನರು ಬೇಡ ಎಂದರು. ನಿಯಮದ ಪ್ರಕಾರ 60 ಮತ ಬೇಕಿತ್ತು, ಮೂರು ಮತಕ್ಕೆ ಬಿದ್ದುಹೋಯಿತು. ಏಳು ಮಂದಿ ರಿಪಬ್ಲಿಕನ್ನರು ಪರವಾಗಿ ಮತ ಹಾಕಿದ್ದರು, ಅದನ್ನೂ ಹೇಳಬೇಕು. ಉಳಿದ 43 ಮಂದಿ ತಮ್ಮ ರಾಜ್ಯದ ಒಬ್ಬ ಮಧುಮೇಹಿ ಮಗುವಿನ ಎದುರು ನಿಂತು ತಾವು ಹಾಕಿದ ಮತಕ್ಕೆ ಕಾರಣ ಹೇಳಬೇಕು ಎಂಬ ನನ್ನ ಆಸೆ ಇವತ್ತಿಗೂ ಆರಿಲ್ಲ. ಮರುವರ್ಷ ಕಂಪನಿಗಳು ತಾವಾಗಿ ಬೆಲೆ ಇಳಿಸುವುದಾಗಿ ಘೋಷಿಸಿದವು, ರಿಯಾಯಿತಿ ಕಾರ್ಡುಗಳನ್ನು ಹಂಚಿದವು. ಅವರ ಮನಸ್ಸು ಕರಗಿ ಇದು ಆಗಲಿಲ್ಲ. ಮಿತಿಮೀರಿ ಬೆಲೆ ಏರಿಸಿದವರು ಬಡವರ ಸರ್ಕಾರಿ ವಿಮೆಯಾದ ಮೆಡಿಕೈಡ್‌ಗೆ ಹೆಚ್ಚು ರಿಬೇಟ್ ತೆರಬೇಕಾಗುವ ನಿಯಮ 2024ರ ಜನವರಿಯಿಂದ ಜಾರಿಗೆ ಬರುವುದಿತ್ತು. ಕಂಪನಿ ಕೊಟ್ಟ ಕಾರ್ಡು ನಮ್ಮ ಹಕ್ಕಲ್ಲ, ಅದು ಕೌಂಟರಿನಲ್ಲಿ ನಡೆಯದಿದ್ದರೆ ಕೇಳುವವರೂ ಇಲ್ಲ. ನಾನೇ ಕಣ್ಣಾರೆ ಕಂಡೆನಲ್ಲ.

ರಾಜ್ಯಗಳಾದರೂ ಕಾಯುತ್ತವೆಯೇ ಎಂದರೆ, ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇನ್ಸುಲಿನ್‌ಗೆ ಮಿತಿ ಹಾಕಿವೆ. ಮಿನ್ನೆಸೋಟದಲ್ಲಿ 26 ತುಂಬಿ ತಾಯಿಯ ವಿಮೆಯಿಂದ ಹೊರಬಿದ್ದ ತರುಣನೊಬ್ಬ ಒಂದು ತಿಂಗಳೊಳಗೆ ಇನ್ಸುಲಿನ್ ಕೊಳ್ಳಲಾಗದೆ 2017ರಲ್ಲಿ ಸತ್ತ ಮೇಲೆ, ಅವನ ಹೆತ್ತವರು ಹೋರಾಡಿ 2020ರಲ್ಲಿ ಕಾಯ್ದೆ ತರಿಸಿದರು. ಆದರೆ ದೊಡ್ಡ ಕಂಪನಿಗಳು ನೌಕರರ ಖರ್ಚನ್ನು ತಾವೇ ಭರಿಸುವ ಯೋಜನೆಗಳಿಗೆ 1974ರ ಕೇಂದ್ರ ಕಾಯ್ದೆಯ ರಕ್ಷಣೆಯಿದೆ, ರಾಜ್ಯದ ವಿಮೆ ಕಾನೂನು ಅವುಗಳನ್ನು ಮುಟ್ಟಲಾರದು. ನಮ್ಮವರಲ್ಲಿ ಹೆಚ್ಚಿನವರು ಇಂಥ ಯೋಜನೆಗಳಲ್ಲೇ ಇದ್ದೇವೆ, ಅದು ತಿಳಿಯುವುದು ಮಾತ್ರ ಕೌಂಟರಿನ ಮುಂದೆ ನಿಂತಾಗ.

ನನ್ನ ಸಿಟ್ಟಿನಲ್ಲಿ ಒಂದು ಪಾಲು ನಮ್ಮವರ ಮೇಲೂ ಇದೆ. ಸಂಕ್ರಾಂತಿಯ ದಿನ ಸ್ನೇಹಿತರ ಮನೆಯಲ್ಲಿ ಎಳ್ಳು ಬೆಲ್ಲ ಹಂಚುತ್ತಾ ಇದೇ ಮಾತು ಬಂದಾಗ, ನಮ್ಮ ಇನ್ಶೂರೆನ್ಸ್ ಚೆನ್ನಾಗಿದೆಯಪ್ಪಾ, ಎಲ್ಲರಿಗೂ ಸರ್ಕಾರಿ ವಿಮೆ ಕೊಟ್ಟರೆ ನಮ್ಮ ತೆರಿಗೆ ಏರುತ್ತದೆ ಎಂದು ಒಬ್ಬರು ತೀರ್ಪು ಕೊಟ್ಟರು. ಕೆಲಸದ ಮೂಲಕ ಸಿಗುವ ಕುಟುಂಬ ವಿಮೆಗೆ 2024ರಲ್ಲಿ ಸರಾಸರಿ 25,572 ಡಾಲರ್ ಖರ್ಚಾಗುತ್ತಿತ್ತು, ಕಂಪನಿ ಕಟ್ಟುವ ಪಾಲೂ ನಮ್ಮ ದುಡಿಮೆಯ ಹಣವೇ ಎಂದು ನಾನು ಹೇಳಿದರೆ ಯಾರಿಗೂ ಕೇಳುವ ಮನಸ್ಸಿರಲಿಲ್ಲ. ಆ ಕೋಣೆಯಲ್ಲಿದ್ದ ಅರ್ಧ ಜನ ಎಚ್-1ಬಿ ವೀಸಾದವರು. ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಅವರಿಗೆ ಸಿಗುವುದು ಹೆಚ್ಚೆಂದರೆ 60 ದಿನ, ವಿಮೆ ಹೋಗುವುದು ಸಾಮಾನ್ಯವಾಗಿ ಅದಕ್ಕೂ ಮೊದಲೇ. ಕೆಲಸ ಹೋದವರಿಗೆ ಹಳೆಯ ವಿಮೆ ಉಳಿಸಿಕೊಳ್ಳಲು ಬಿಡುವ ಕೋಬ್ರಾ ಎಂಬ ಕಾಯ್ದೆಯ ಅಡಿ ಅದನ್ನು ಮುಂದುವರಿಸಬೇಕೆಂದರೆ ಕಂಪನಿಯ ಪಾಲನ್ನೂ ಸೇರಿಸಿ ಪೂರ್ತಿ ಕಂತು, ಅದರ ಮೇಲೆ ಶೇ 2ರವರೆಗೆ ಕೈಯಿಂದ ಕಟ್ಟಬೇಕು. ಇದು ಗೊತ್ತಿದ್ದೂ, ನಮಗೆ ಇದೆಯಲ್ಲ ಎಂದು ಸುಮ್ಮನೆ ಕುಳಿತುಕೊಳ್ಳುವುದು ನನಗೆ ಸಹಿಸಲಾಗದ ಮಾತು.

ಆ ಎರಡು ವಾರ ನಾನು ಹನ್ನೊಂದು ಸಲ ಫೋನ್ ಮಾಡಿದೆ, ಒಂದು ದಿನವಂತೂ ಎರಡು ಗಂಟೆ ಹತ್ತು ನಿಮಿಷ ಕಾದೆ. ವೈದ್ಯರ ಕಚೇರಿಯ ನರ್ಸ್ ಮೂರು ಸಲ ಫ್ಯಾಕ್ಸ್ ಕಳಿಸಿದರು, ಎರಡು ಸಲ ಬಂದಿಲ್ಲ ಎಂಬ ಉತ್ತರ ಬಂತು. ಕೊನೆಗೆ ವೈದ್ಯರೇ, ಬೇರೆ ಮಕ್ಕಳನ್ನು ನೋಡಬೇಕಿದ್ದ ಹೊತ್ತಿನಲ್ಲಿ, ಕಂಪನಿಯ ವೈದ್ಯರೊಬ್ಬರ ಜೊತೆ ಫೋನಿನಲ್ಲಿ ವಾದಿಸಿದರು. ಆ ವೈದ್ಯರು ಮಕ್ಕಳ ಮಧುಮೇಹದ ತಜ್ಞರೇ ಅಲ್ಲ ಎಂದು ನರ್ಸ್ ಆಮೇಲೆ ಹೇಳಿದರು. ಕೌಂಟರಿನಲ್ಲಿ ಇಲ್ಲ ಎನ್ನಿಸಿಕೊಂಡ ಹದಿಮೂರನೆಯ ದಿನ ಒಪ್ಪಿಗೆ ಬಂತು, ಆಗ ಪೆನ್ನಿನಲ್ಲಿ ಐದು ದಿನದ ಇನ್ಸುಲಿನ್ ಉಳಿದಿತ್ತು.

ಒಪ್ಪಿಗೆಯ ಪತ್ರದ ಕೊನೆಯ ಸಾಲಿನಲ್ಲಿ, ಈ ಅನುಮತಿ ಡಿಸೆಂಬರ್ 31ರವರೆಗೆ ಮಾತ್ರ ಎಂದಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನವೆಂಬರ್ 15ರ ಚೌಕದೊಳಗೆ, ಡಾಕ್ಟರ್ ಕಚೇರಿಗೆ ಫೋನ್ ಎಂದು ಮಗಳೇ ಬರೆದಿಟ್ಟಿದ್ದಾಳೆ.