ಬಸಣ್ಣನ ಹೊಲಕ್ಕೆ ನೀರು ಬಂತಾ?

ಕೊಪ್ಪಳದಲ್ಲಿ ಕಥೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಓಣಿಯಲ್ಲಿ ನಾನೊಬ್ಬನೇ. ಹಾಗಾಗಿ ಓಣಿಯ ಬರವಣಿಗೆಯೆಲ್ಲ ನನ್ನ ಪಾಲಿಗೇ ಬಂದಿದೆ. ಮದುವೆ ಕಾರ್ಡು, ಗಣಪತಿ ಚಂದಾ ಪಟ್ಟಿ, ನಿವೃತ್ತರಾದವರಿಗೆ ಅಭಿನಂದನೆ, ಬೀದಿದೀಪ ಕೆಟ್ಟರೆ ಅರ್ಜಿ. ಒಬ್ಬರಂತೂ ಬೀಗರ ಜೊತೆ ಜಗಳಕ್ಕೆ ಹೋಗುವ ಮುಂಚೆ ಏನು ಮಾತಾಡಬೇಕು ಅಂತ ಬರೆಸಿಕೊಂಡು ಹೋದರು. ‘ಕಥಿ ಬರಿಯಾಂವಗ ಇದೇನ್ ದೊಡ್ಡದು ತಮ್ಮಾ?’ ಎನ್ನುತ್ತಾರೆ. ದೊಡ್ಡದೇನಲ್ಲ, ನಿಜ. ಕಥೆ ಮಾತ್ರ ಆಗುತ್ತಿಲ್ಲ.

ಕಥೆ ಅಂದರೆ ಬಸಣ್ಣನ ಕಥೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತ ಅವನು. ಕಾಲುವೆ ಮುನಿರಾಬಾದಿನ ಡ್ಯಾಮಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ ಕಡೆ ಬರುವಷ್ಟರಲ್ಲಿ ಮೇಲಿನವರ ಭತ್ತ ನೀರು ಕುಡಿದಿರುತ್ತದೆ. ಬಸಣ್ಣ ಕಾಲುವೆ ದಂಡೆ ಮೇಲೆ ನಿಂತು ನೀರಿಗೆ ಕಾಯುತ್ತಾನೆ. ಮೂರನೇ ಪುಟದಲ್ಲಿ ನೀರು ಬಿಡಬೇಕು ಅನ್ನುವುದು ನನ್ನ ಯೋಜನೆ.

ಇದನ್ನು ಪಕ್ಕದ ಮನೆ ಕಾಕಾನಿಗೆ ಹೇಳಬಾರದಿತ್ತು ಅಂತ ನನ್ನ ಹೆಂಡತಿಯ ಅಭಿಪ್ರಾಯ. ಕಾಕಾನ ಹೊಲ ಇರುವುದೇ ಮಾನ್ವಿ ಕಡೆ, ಅದೂ ಕಾಲುವೆಯ ತುದಿಗೆ. ಮಗನ ನೌಕರಿ ಅಂತ ಇಲ್ಲಿ ಬಂದು ನೆಲೆಸಿದ್ದಾರೆ, ಜೀವ ಮಾತ್ರ ಅಲ್ಲೇ. ಬೆಳಿಗ್ಗೆ ನಲ್ಲಿ ಮುಂದೆ ಕೊಡ ಹಿಡಿದು ನಿಂತಾಗಲೂ ಅದೇ ಪ್ರಶ್ನೆ. ‘ಬಸಣ್ಣನ ಹೊಲಕ್ಕ ನೀರು ಬಂತೇನಪಾ?’

2024ರ ಆಗಸ್ಟ್‌ನಲ್ಲಿ ನೀರು ಬಿಟ್ಟೇಬಿಡೋಣ ಅಂತ ಕೂತೆ. 10ನೇ ತಾರೀಖು ರಾತ್ರಿ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ನಾನು ಲೆಕ್ಕ ಬರೆಯುವ ಗೊಬ್ಬರದ ಅಂಗಡಿಗೆ ಬಂದ ರೈತರ ಮುಖ ನೋಡಲಾಗುತ್ತಿರಲಿಲ್ಲ. ಯಾರೂ ಯೂರಿಯಾ ಕೇಳಲಿಲ್ಲ. ಎಲ್ಲರೂ ಮೊಬೈಲಿನಲ್ಲಿ ನೊರೆ ಉಗುಳುವ ನೀರನ್ನೇ ನೋಡುತ್ತಿದ್ದರು. ಕಾಕಾ ಸಂಜೆ ಮನೆಗೇ ಬಂದು ನನ್ನ ಪೆನ್ನು ಮುಚ್ಚಿಸಿದರು. ‘ಖರೇ ನೀರು ಹೊಳಿಪಾಲಾಗಾಕತ್ತೈತಿ. ನೀ ಬಸಣ್ಣಗ ನೀರು ಬಿಟ್ಟು ಮಜಾ ನೋಡ್ತೀಯೇನು?’ ಅವರು ಹೇಳಿದ್ದೂ ಸರಿಯೇ ಅಲ್ವಾ? ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು.

ಅಷ್ಟರಲ್ಲಿ ಚೌತಿ ಬಂತು, ಚಂದಾ ಪಟ್ಟಿ ಬಂತು. ಅದು ಮುಗಿಯಿತು ಅನ್ನುವಾಗ ಸೆಪ್ಟೆಂಬರ್ 17. ಬೇರೆ ಕಡೆಯ ಬರಹಗಾರರು ಪುಣ್ಯವಂತರು. ಅವರಿಗೆ ಆಗಸ್ಟ್ 15, ನವೆಂಬರ್ 1, ಜನವರಿ 26 ಆದರೆ ಭಾಷಣ ಬರೆಯುವುದು ಮುಗಿಯಿತು. ಕಲ್ಯಾಣ ಕರ್ನಾಟಕದವರಿಗೆ ಇದೊಂದು ಜಾಸ್ತಿ. 1948ರಲ್ಲಿ ನಮ್ಮ ಭಾಗಕ್ಕೆ ನಿಜಾಮನಿಂದ ಬಿಡುಗಡೆ ಸಿಕ್ಕಿತು ಅಂತ ಪ್ರತಿ ವರ್ಷ ಬೇರೆ ಬೇರೆ ಜನರಿಗೆ ಬೇರೆ ಬೇರೆ ಥರ ಬರೆದುಕೊಡಬೇಕು. ಇಬ್ಬರಿಗೆ ಒಂದೇ ಭಾಷಣ ಕೊಟ್ಟರೆ ಇಬ್ಬರೂ ಒಂದೇ ವೇದಿಕೆ ಮೇಲೆ ಸಿಗುತ್ತಾರೆ.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ ದಾಸೋಹಕ್ಕೆ ಬರುತ್ತಿರುತ್ತವೆ. ಆಗ ಮನೆಯೊಳಗೆ ಕೂತು ಕಥೆ ಬರೆಯುತ್ತೇನೆ ಅಂದರೆ ‘ಯಾಕ್ರೀ, ಮೈಯಾಗ ಆರಾಮಿಲ್ಲೇನು?’ ಅಂತ ಕೇಳುತ್ತಾರೆ. ನಾನೂ ಹೋಗಿ ಬಡಿಸುತ್ತೇನೆ. ಇದರ ಬಗ್ಗೆ ನನ್ನ ದೂರಿಲ್ಲ. ಸಾರಿನ ಬಕೆಟ್ ಹಿಡಿದು ಸಾಲಿನಲ್ಲಿ ಓಡಾಡುವಾಗ ಕಿವಿಗೆ ಬೀಳುವ ಮಾತು ಯಾವ ಕಾರ್ಯಾಗಾರದಲ್ಲೂ ಸಿಗುವುದಿಲ್ಲ. ಬಸಣ್ಣನ ಬಾಯಲ್ಲಿರುವ ಒಳ್ಳೆಯ ಬೈಗುಳಗಳೆಲ್ಲ ಅಲ್ಲಿಂದಲೇ ಬಂದವು.

ಆಮೇಲೆ ಚರಂಡಿ. ಓಣಿಯ ಚರಂಡಿ ಕಟ್ಟಿಕೊಂಡಿತು, ಅರ್ಜಿ ಬರೆದೆ. ಎದುರು ಮನೆ ಹುಡುಗ ಸಹಿ ಹಾಕಿಸಲು ಬಂದವನು ಮೇಜಿನ ಮೇಲಿದ್ದ ಹಾಳೆಗಳನ್ನೆಲ್ಲ ಬಾಚಿಕೊಂಡು, ಪಿನ್ ಹೊಡೆದು, ಕಚೇರಿಗೆ ಕೊಟ್ಟು ಬಂದ. ಅರ್ಜಿಯ ಕೆಳಗೆ ಬಸಣ್ಣನೂ ಹೋಗಿದ್ದ. ಇಲ್ಲಿನ ಗವಿಮಠದ ಬಂಡೆ ಮೇಲೆ ಅಶೋಕನ ಶಾಸನ ಇದೆ. ಅಶೋಕ ಜಾಣ. ಬಂಡೆಗೆ ಪಿನ್ ಹೊಡೆಯಲು ಬರುವುದಿಲ್ಲ.

ಹುಡುಗ ತಂದುಕೊಟ್ಟ ಪ್ರತಿಯಲ್ಲಿ ನನ್ನ ಕಥೆಯ ಹಾಳೆಗೂ ಸೀಲು ಬಿದ್ದಿತ್ತು, ‘ಸ್ವೀಕರಿಸಲಾಗಿದೆ’ ಅಂತ. ಈ ಒಂದು ಪದಕ್ಕಾಗಿ ನಾನು ಎಷ್ಟು ಪತ್ರಿಕೆಗಳಿಗೆ ಅಂಚೆಚೀಟಿ ಹಚ್ಚಿದ್ದೇನೆ!

ಕೆಲವು ದಿನಗಳಾದ ಮೇಲೆ ಉತ್ತರವೂ ಬಂತು. ‘ಚರಂಡಿಯ ವಿಷಯ ಪರಿಶೀಲನೆಯಲ್ಲಿದೆ. ಬಸಣ್ಣ ಎಂಬುವರ ಜಮೀನಿಗೆ ನೀರು ಬಾರದಿರುವ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಸದರಿಯವರು ಪಹಣಿಯೊಂದಿಗೆ ಸಂಬಂಧಪಟ್ಟ ನೀರಾವರಿ ಕಚೇರಿಗೆ ಅರ್ಜಿ ಸಲ್ಲಿಸುವುದು.’

ಯಾರೋ ಪುಣ್ಯಾತ್ಮ ಪೂರ್ತಿ ಓದಿದ್ದಾನೆ. ಬಸಣ್ಣನ ಕಷ್ಟ ಅವನಿಗೆ ಅರ್ಥ ಆಗಿದೆ. ವಿಮರ್ಶೆ ಅಂದರೆ ಇದಕ್ಕಿಂತ ಇನ್ನೇನು ಬೇಕು? ಚರಂಡಿ ಹಾಗೇ ಇದೆ, ಅದು ಬೇರೆ ಮಾತು.

ಪತ್ರವನ್ನು ಕಾಕಾ ಎರಡು ಸಲ ಓದಿಸಿಕೊಂಡರು.

‘ಹಂಗಾರ ಪಹಣಿ ಬೇಕಾತು.’

‘ಕಾಕಾ, ಬಸಣ್ಣ ಅನ್ನಾಂವ ಇಲ್ಲೇ ಇಲ್ಲ. ಕಥಿಯಾಗಿನ ಮನುಷ್ಯಾ.’

‘ಅದು ನನಗೂ ಗೊತ್ತೈತಿ. ಅವನ ಪಹಣಿ ಇಲ್ಲಂದ್ರ ನಂದು ಹಚ್ಚು. ನಮ್ಮ ಹೊಲಕ್ಕ ಏನ್ ನೀರು ಬಂದೈತೇನು?’

ನೀರಾವರಿ ಕಚೇರಿಗೆ ಅರ್ಜಿ ಬರೆಯುತ್ತಿದ್ದೇನೆ. ಎರಡನೇ ಪ್ಯಾರಾ ಬಹಳ ಚೆನ್ನಾಗಿ ಬಂದಿದೆ.