ಬೆಲ್ಲದ ಕಾಫಿ ಎಷ್ಟು ಕುಡಿದರೂ ಬಾಧೆಯಿಲ್ಲವೇ?

ಮಳೆಗಾಲ ಹಿಡಿದಾಗಲೆಲ್ಲ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತದೆ: ಹಾಲು, ಬೆಲ್ಲ ಬೆರೆತ ಕಾಫಿಯಲ್ಲಿ ಕೆಫೀನಿನ ಗುಣ ಅಳಿದುಹೋಗುವುದರಿಂದ ಅದನ್ನು ಎಷ್ಟು ಕುಡಿದರೂ ಬಾಧೆಯಿಲ್ಲ ಎಂಬುದು ಅದರ ಸಾರ. ಇದು ಸರಿಯಲ್ಲ. ಹಾಲಾಗಲಿ ಬೆಲ್ಲವಾಗಲಿ ಕೆಫೀನನ್ನು ನಾಶ ಮಾಡುವುದಿಲ್ಲ. ಡಿಕಾಕ್ಷನ್ನಿಗೆ ಇಳಿದಷ್ಟು ಕೆಫೀನ್ ಲೋಟದಲ್ಲಿಯೂ ಇರುತ್ತದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ ಆದ್ದರಿಂದ ಮಧುಮೇಹಿಗಳಿಗೆ ಅದರಿಂದ ವಿನಾಯಿತಿ ಸಿಗದು.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಸುಮಾರು 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗಿನ ಕೆಫೀನ್ ಸಾಮಾನ್ಯವಾಗಿ ಸುರಕ್ಷಿತವೆಂದು ಪರಿಗಣಿಸಲಾಗಿದೆ. ಅದನ್ನು ಮೀರಿದರೆ ನಿದ್ರಾಭಂಗ, ಎದೆಬಡಿತ, ಕೈನಡುಕ, ಕಳವಳ ಕಾಣಿಸಬಹುದು. ದೇಹದಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ 5 ಗಂಟೆ ಬೇಕಾಗುವುದರಿಂದ, ಸಂಜೆ ಅಡಿಕೆ ಸುಲಿಯುತ್ತಾ ಕುಡಿದ ಕಾಫಿ ನಡುರಾತ್ರಿಯವರೆಗೂ ಎಚ್ಚರವಿರಿಸುವುದು ಸಹಜ (ಸುಲಿಯುವವರಿಗೆ ಬೇಕಾದದ್ದೂ ಅದೇ ಎನ್ನಿ). ಊಟದ ಜೊತೆಗೇ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ.

ಇಂಥ ಸಂದೇಶ ಕಳಿಸುವವರು ಹೆಚ್ಚಾಗಿ ನಮ್ಮ ಒಳಿತನ್ನೇ ಬಯಸುವ ಅತ್ತೆ, ಭಾವಂದಿರು, ಅವರನ್ನು ಹಳಿಯಬೇಕಿಲ್ಲ. ಯಾರು, ಯಾವಾಗ, ಎಷ್ಟು ಪ್ರಮಾಣದ ಬಗ್ಗೆ ಹೇಳಿದ್ದಾರೆ ಎಂಬುದು ಅದರಲ್ಲಿದೆಯೇ ಎಂದು ನೋಡಿ, ಒಂದು ಸಾಲನ್ನು ಅಂತರಜಾಲದಲ್ಲಿ ಹುಡುಕಿ, ಅನುಮಾನ ಉಳಿದರೆ ಊರಿನ ವೈದ್ಯರನ್ನು ಕೇಳಬಹುದು. ಪುಡಿಯ ಪೊಟ್ಟಣವೂ ನೆರವಾಗುತ್ತದೆ: ಕಾಫಿ ಮತ್ತು ಅದಕ್ಕೆ ಬೆರೆಸುವ ಚಿಕೋರಿ (ಒಂದು ಗಿಡದ ಹುರಿದ ಬೇರಿನ ಪುಡಿ), ಇವೆರಡರ ಶೇಕಡಾ ಪ್ರಮಾಣ ಅದರ ಮೇಲೆಯೇ ಮುದ್ರಿತವಾಗಿರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕಾಫಿಯ ಎರಡು ಮುಖ್ಯ ಬಗೆಗಳ ಪೈಕಿ ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಇಮ್ಮಡಿ ಕೆಫೀನ್ ಇದೆ.